ವಿಮಾನದಲ್ಲಿ ಔಷಧಿ: ಕೈಚೀಲಕ್ಕೆ ಯಾವುದು, ಚೆಕ್-ಇನ್ ಬ್ಯಾಗಿಗೆ ಯಾವುದು?

ಚೆಕ್-ಇನ್‌ಗೆ ಕೊಟ್ಟ ಸೂಟ್‌ಕೇಸ್ ನಿಮ್ಮ ಜೊತೆಗೇ ಬಂದು ಇಳಿಯುತ್ತದೆ ಅಂತ ಯಾರೂ ಖಾತ್ರಿ ಕೊಡುವುದಿಲ್ಲ. ಏರ್‌ಲೈನ್‌ಗಳಿಗೆ ಲಗೇಜ್ ವ್ಯವಸ್ಥೆ ಒದಗಿಸುವ ಸೀಟಾ ಸಂಸ್ಥೆಯ ಲೆಕ್ಕದಲ್ಲಿ, 2024ರಲ್ಲಿ ಪ್ರತಿ ಸಾವಿರ ಪ್ರಯಾಣಿಕರಿಗೆ 6.3 ಬ್ಯಾಗ್‌ಗಳು ತಡವಾದವು, ಹಾಳಾದವು ಅಥವಾ ಕಳೆದುಹೋದವು. ಹೆಚ್ಚಿನವು ಕೆಲವು ದಿನಗಳಲ್ಲಿ ಸಿಗುತ್ತವೆ, ನಿಜ. ಆದರೆ ಅಂತರರಾಷ್ಟ್ರೀಯ ವಿಮಾನಗಳಿಗೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಬ್ಯಾಗ್ ಕಳೆದೇಹೋಯಿತು ಅಂತ ಲೆಕ್ಕಕ್ಕೆ ಹಿಡಿಯಲು 21 ದಿನ ಕಾಯಬೇಕು. ಬಟ್ಟೆ ಬರದಿದ್ದರೆ ಹೊಸದು ಕೊಳ್ಳಬಹುದು. ಫಿಟ್ಸ್ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಗುಳಿಗೆ ಎರಡು ದಿನ ತಪ್ಪಿದರೆ ಆಗುವ ಪಾಡೇ ಬೇರೆ.

ಅದಕ್ಕೇ ಈ ಲೇಖನದ ಉದ್ದಕ್ಕೂ ಒಂದೇ ಮಾತು ಇಟ್ಟುಕೊಂಡು ಹೋಗುತ್ತೇನೆ: ಔಷಧಿ ಅದನ್ನು ತೆಗೆದುಕೊಳ್ಳುವವರ ಕೈಗೆಟುಕುವ ಹಾಗೇ ಇರಬೇಕು, ಮನೆ ಬಾಗಿಲಿನಿಂದ ಇಳಿದುಕೊಳ್ಳುವ ಕೋಣೆಯವರೆಗೂ.

ಮೊದಲು ಎಲ್ಲವನ್ನೂ ಮೇಜಿನ ಮೇಲೆ ಹರಡಿ

ಹೊರಡುವ ಹಿಂದಿನ ರಾತ್ರಿ ಬೇಡ, ಒಂದೆರಡು ವಾರ ಮುಂಚೆ ಮಾಡಿ. ಏನಾದರೂ ಕಡಿಮೆ ಬಿದ್ದರೆ ತರಿಸಲು, ಡಾಕ್ಟರ ಹತ್ತಿರ ಪತ್ರ ಬರೆಸಲು ಸಮಯ ಬೇಕಲ್ವಾ?

ಹರಡಿದ ಮೇಲೆ ಮೂರು ಗುಂಪು ಮಾಡಿ. ಒಂದು ಹೊತ್ತೂ ತಪ್ಪಬಾರದಂಥವು ಮೊದಲ ಗುಂಪು: ಬಿಪಿ, ಶುಗರ್, ಹೃದಯ, ಥೈರಾಯ್ಡ್, ಫಿಟ್ಸ್, ಮಾನಸಿಕ ಆರೋಗ್ಯದ ಮಾತ್ರೆಗಳು ಮತ್ತು ತುರ್ತಿಗೆ ಬೇಕಾಗುವ ಇನ್ಹೇಲರ್, ಅಲರ್ಜಿಯ ಅಡ್ರಿನಲಿನ್ ಇಂಜೆಕ್ಷನ್. ತಣ್ಣಗೆ ಇಡಬೇಕಾದವು ಎರಡನೆಯದು. ‘ಬೇಕಾದರೆ ಇರಲಿ’ ಅಂತ ಒಯ್ಯುವ ನೋವಿನ ಮುಲಾಮು, ವಿಟಮಿನ್, ಬ್ಯಾಂಡೇಜ್ ಮೂರನೆಯದು. ಮೊದಲ ಎರಡು ಗುಂಪು ಪೂರ್ತಿಯಾಗಿ ನಿಮ್ಮ ಕೈಯಲ್ಲಿ. ಮೂರನೆಯದು ಎಲ್ಲಿ ಹೋದರೂ ನಡೆಯುತ್ತದೆ.

ಎಷ್ಟು ಒಯ್ಯಬೇಕು? ಪ್ರವಾಸದ ದಿನಗಳಿಗೆ ಆಗುವಷ್ಟು, ಅದರ ಮೇಲೆ ವಿಮಾನ ರದ್ದಾದರೆ ಅಂತ ಇನ್ನಷ್ಟು ದಿನಗಳದ್ದು. ದೂರದ ಪ್ರವಾಸಕ್ಕೆ ಒಂದು ವಾರದ್ದು ಹೆಚ್ಚಿಗೆ ಇದ್ದರೆ ನೆಮ್ಮದಿ. ಆದರೆ ಬೇರೆ ದೇಶಕ್ಕೆ ಹೋಗುವವರು ಅಲ್ಲಿನ ಮಿತಿಯನ್ನೂ ನೋಡಿಕೊಳ್ಳಬೇಕು. ಅಮೆರಿಕಕ್ಕೆ ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಗಳಷ್ಟು, ಆಸ್ಟ್ರೇಲಿಯಾಕ್ಕೆ ಮೂರು ತಿಂಗಳಷ್ಟು ಒಯ್ಯಬಹುದು. ಜಪಾನಿನಲ್ಲಿ ಡಾಕ್ಟರ್ ಬರೆದುಕೊಟ್ಟ ಔಷಧಿ ಒಂದು ತಿಂಗಳಿಗಿಂತ ಜಾಸ್ತಿ ಇದ್ದರೆ ಮುಂಚೆಯೇ ಅನುಮತಿ ಪತ್ರ ಮಾಡಿಸಬೇಕು.

ಒಂದು ಪುಟ್ಟ ಪೌಚ್, ಅದೂ ಬೇರೆಯಾಗಿ

ಹೆಚ್ಚಿನವರು ಎಡವುವುದು ಇಲ್ಲೇ. ‘ಕ್ಯಾಬಿನ್ ಬ್ಯಾಗಿನಲ್ಲಿ ಹಾಕಿದ್ದೇನೆ, ಇನ್ನೇನು ಭಯ’ ಅಂದುಕೊಳ್ಳುತ್ತಾರೆ. ವಿಮಾನ ತುಂಬಿದ್ದರೆ ಏನಾಗುತ್ತದೆ ನೋಡಿ. ಬೋರ್ಡಿಂಗ್ ಗೇಟಿನಲ್ಲಿ ಸಾಲು ನಿಂತಿರುತ್ತದೆ. ಮೇಲಿನ ಶೆಲ್ಫ್‌ನಲ್ಲಿ ಜಾಗ ಇಲ್ಲ ಅಂತ ಘೋಷಣೆ ಬರುತ್ತದೆ. ಸಿಬ್ಬಂದಿ ಬಂದು ನಿಮ್ಮ ಚಕ್ರದ ಬ್ಯಾಗಿಗೆ ಟ್ಯಾಗ್ ಕಟ್ಟುತ್ತಾರೆ. ಹಿಂದಿನವರು ತಳ್ಳುತ್ತಿರುತ್ತಾರೆ, ಒಂದು ಕೈಯಲ್ಲಿ ಪಾಸ್‌ಪೋರ್ಟ್, ಇನ್ನೊಂದರಲ್ಲಿ ಫೋನ್. ಅರ್ಧ ನಿಮಿಷದಲ್ಲಿ ಬ್ಯಾಗ್ ಕೆಳಗೆ ಇಳಿದು ಸರಕಿನ ಗೂಡಿಗೆ ಹೋಗುತ್ತದೆ. ಅದರ ತಳದಲ್ಲಿ, ಬಟ್ಟೆಗಳ ಕೆಳಗೆ, ನಿಮ್ಮ ಇನ್ಸುಲಿನ್.

ಅದಕ್ಕೇ ಔಷಧಿಗೆ ಒಂದು ಜಿಪ್ ಇರುವ ಪುಟ್ಟ ಪೌಚ್ ಮೀಸಲಿಡಿ. ಅದು ಚಕ್ರದ ಬ್ಯಾಗಿನೊಳಗೆ ಬೇಡ. ಮುಂದಿನ ಸೀಟಿನ ಕೆಳಗೆ ಇಡುವ ಹೆಗಲ ಚೀಲದಲ್ಲಿ ಇರಲಿ. ಅಂಥ ಚೀಲ ಇಲ್ಲದಿದ್ದರೆ ಪೌಚ್ ಅನ್ನು ಬ್ಯಾಗಿನ ಹೊರಗಿನ ಜೇಬಿನಲ್ಲಿ, ಒಂದೇ ಎಳೆತಕ್ಕೆ ಬರುವ ಹಾಗೆ ಇಡಿ. ಗೇಟಿನಲ್ಲಿ ಬ್ಯಾಗ್ ಕೇಳಿದರೆ ‘ಒಂದು ನಿಮಿಷ, ಔಷಧಿ ತೆಗೆದುಕೊಳ್ಳಬೇಕು’ ಅಂತ ಹೇಳಲು ಸಂಕೋಚ ಬೇಡ.

ಇನ್ಹೇಲರ್, ಎದೆನೋವಿನ ನಾಲಿಗೆ ಕೆಳಗಿನ ಮಾತ್ರೆ, ಅಡ್ರಿನಲಿನ್ ಪೆನ್, ಶುಗರ್ ಇಳಿದಾಗ ಬೇಕಾಗುವ ಗ್ಲೂಕೋಸ್, ಇವು ಪೌಚ್‌ನಿಂದಲೂ ಹೊರಗೆ, ಜೇಬಿನಲ್ಲಿ ಇದ್ದರೆ ಒಳ್ಳೆಯದು. ಸೀಟ್ ಬೆಲ್ಟ್ ದೀಪ ಉರಿಯುತ್ತಿರುವಾಗ ಎದ್ದು ಮೇಲಿನ ಶೆಲ್ಫ್ ತೆರೆಯಲು ಆಗುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ‘ಇದು ಇಲ್ಲಿದೆ’ ಅಂತ ತೋರಿಸಿಡಿ.

ಮನೆಮಂದಿಯೆಲ್ಲ ಹೋಗುವಾಗ ಎಲ್ಲರ ಔಷಧಿಯನ್ನೂ ಒಬ್ಬರೇ ಹೊರುವುದು ರೂಢಿ. ಸೀಟುಗಳು ದೂರದೂರ ಸಿಕ್ಕರೆ, ಸೆಕ್ಯುರಿಟಿಯಲ್ಲಿ ಒಬ್ಬರು ಹಿಂದೆ ಉಳಿದರೆ, ಔಷಧಿ ಬೇಕಾದವರ ಕೈಯಲ್ಲೇ ಅದು ಇರುವುದಿಲ್ಲ. ವಯಸ್ಸಾದ ಅಪ್ಪ ಅಮ್ಮನಿಗೆ ಕನಿಷ್ಠ ಆ ದಿನದ್ದನ್ನಾದರೂ ಅವರವರ ಜೇಬಿಗೇ ಕೊಡಿ.

ಸ್ಟ್ರಿಪ್ ಕತ್ತರಿಸುವ ಮುಂಚೆ

ಜಾಗ ಉಳಿಸಲು ಡಬ್ಬಿ ಬಿಸಾಡಿ, ಬೇಕಾದಷ್ಟೇ ಮಾತ್ರೆ ಕತ್ತರಿಸಿ ಇಟ್ಟುಕೊಳ್ಳುವ ಅಭ್ಯಾಸ ತುಂಬ ಜನರಿಗಿದೆ. ಎಷ್ಟೋ ಸ್ಟ್ರಿಪ್‌ಗಳಲ್ಲಿ ಎಕ್ಸ್‌ಪೈರಿ ದಿನಾಂಕ, ಬ್ಯಾಚ್ ನಂಬರ್ ಒಂದು ತುದಿಯಲ್ಲಿ ಮಾತ್ರ ಇರುತ್ತದೆ. ಕತ್ತರಿಸಿದಾಗ ಆ ತುದಿ ಮನೆಯಲ್ಲೇ ಉಳಿಯುತ್ತದೆ. ಕೈಯಲ್ಲಿ ಉಳಿಯುವುದು ಅರ್ಧ ಅಕ್ಷರ ಇರುವ ಬೆಳ್ಳಿ ಹಾಳೆಯ ತುಂಡು, ಒಳಗೆ ನಾಲ್ಕು ಬಿಳಿ ಗುಳಿಗೆ. ಕಸ್ಟಮ್ಸ್ ಅಧಿಕಾರಿ ಹಾಗಿರಲಿ, ತುರ್ತಿನಲ್ಲಿ ನೋಡುವ ಡಾಕ್ಟರಿಗೂ ಅದು ಏನು ಅಂತ ಗೊತ್ತಾಗುವುದಿಲ್ಲ. ಪೂರ್ತಿ ಸ್ಟ್ರಿಪ್, ಸಾಧ್ಯವಾದರೆ ಹೆಸರಿನ ಲೇಬಲ್ ಇರುವ ಡಬ್ಬಿ ಸಮೇತ ಒಯ್ಯಿರಿ.

ವಾರದ ಏಳು ಮನೆಗಳ ಮಾತ್ರೆ ಡಬ್ಬಿ ಬಳಸುವವರು? ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತೆ ನೋಡಿಕೊಳ್ಳುವ ಟಿಎಸ್ಎ, ಮಾತ್ರೆ ಮೂಲ ಡಬ್ಬಿಯಲ್ಲೇ ಇರಬೇಕು ಅಂತ ಒತ್ತಾಯಿಸುವುದಿಲ್ಲ. ಆದರೆ ಸೆಕ್ಯುರಿಟಿ ಬೇರೆ, ಇಳಿದ ಮೇಲಿನ ಕಸ್ಟಮ್ಸ್ ಬೇರೆ. ದೇಶದೊಳಗಿನ ಸಣ್ಣ ಪ್ರಯಾಣಕ್ಕೆ ವಾರದ ಡಬ್ಬಿ ಸಾಕು. ಗಡಿ ದಾಟುವುದಾದರೆ ಮಾತ್ರೆ ಅದರದರ ಸ್ಟ್ರಿಪ್‌ನಲ್ಲಿರಲಿ, ಖಾಲಿ ಡಬ್ಬಿಯನ್ನು ಜೊತೆಗೆ ಒಯ್ದು ತಲುಪಿದ ಮೇಲೆ ತುಂಬಿಸಿಕೊಳ್ಳಿ.

ನಾಲಿಗೆ ಕೆಳಗಿಡುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನಂತೂ ಅದು ಬಂದ ಗಾಜಿನ ಬಾಟಲಿಯಿಂದ ತೆಗೆಯಲೇಬೇಡಿ. ಅದರ ಔಷಧಿ ಅಂಶ ಗಾಳಿಗೆ ಆವಿಯಾಗಿ ಹೋಗುತ್ತದೆ, ಪ್ಲಾಸ್ಟಿಕ್ ಅದನ್ನು ಹೀರಿಕೊಳ್ಳುತ್ತದೆ. ನೋಡಲು ಮಾತ್ರೆ ಮೊದಲಿನ ಹಾಗೇ ಇರುತ್ತದೆ, ಶಕ್ತಿ ಹೋಗಿರುತ್ತದೆ.

ಕಾಗದ ಪತ್ರ

ಡಾಕ್ಟರ್ ಚೀಟಿಯ ಪ್ರತಿ ಒಂದು ಕೈಯಲ್ಲಿ, ಒಂದು ಫೋಟೋ ಫೋನಿನಲ್ಲಿ. ಚೀಟಿಯಲ್ಲಿರುವ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ಇಂಜೆಕ್ಷನ್, ಸೂಜಿ, ನೋವಿನ ಬಲವಾದ ಮಾತ್ರೆ, ನಿದ್ರೆ ಮಾತ್ರೆ ಇದ್ದರೆ ಯಾವ ಕಾಯಿಲೆಗೆ, ಎಷ್ಟು ಪ್ರಮಾಣ ಅಂತ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ.

ಎಲ್ಲ ಕಾಗದದಲ್ಲೂ ಔಷಧಿಯ ಜೆನೆರಿಕ್ ಹೆಸರು, ಅಂದರೆ ಕಂಪನಿ ಇಟ್ಟದ್ದಲ್ಲ, ಒಳಗಿರುವ ಔಷಧಿಯದೇ ಹೆಸರು, ಇರಲೇಬೇಕು. ಬ್ರ್ಯಾಂಡ್ ಹೆಸರು ಗಡಿ ದಾಟಿದರೆ ಬದಲಾಗುತ್ತದೆ. ಅಷ್ಟೇ ಅಲ್ಲ, ಒಂದೇ ಬ್ರ್ಯಾಂಡ್ ಹೆಸರಿನಲ್ಲಿ ಬೇರೆ ದೇಶದಲ್ಲಿ ಬೇರೆ ಔಷಧಿಯೇ ಸಿಗಬಹುದು. 2006ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಸಿತ್ತು: ಅಲ್ಲಿ ಫ್ಲೋಮ್ಯಾಕ್ಸ್ ಅಂದರೆ ಪ್ರಾಸ್ಟೇಟ್ ತೊಂದರೆಯ ಔಷಧಿ, ಇಟಲಿಯಲ್ಲಿ ಅದೇ ಹೆಸರಿನಲ್ಲಿ ಇದ್ದದ್ದು ಉರಿಯೂತದ ಔಷಧಿ. ಜೆನೆರಿಕ್ ಹೆಸರುಗಳೂ ಕೆಲವು ಎರಡೆರಡು ಇವೆ. ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸೆಟಾಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಎರಡೂ ಹೆಸರು ಬರೆದಿಟ್ಟುಕೊಳ್ಳಿ.

ಸಿರಪ್, ಡ್ರಾಪ್ಸ್, ಪುಡಿ

ಕ್ಯಾಬಿನ್‌ನಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯ ದ್ರವ ಬೇಡ ಅನ್ನುವ ನಿಯಮ 2006ರಲ್ಲಿ, ಬ್ರಿಟನ್‌ನಲ್ಲಿ ದ್ರವ ಸ್ಫೋಟಕದ ಸಂಚೊಂದು ಬಯಲಾದ ಮೇಲೆ ಬಂತು. ಆದರೆ ಪ್ರಯಾಣಕ್ಕೆ ಬೇಕಾದ ಔಷಧಿಗೆ ಇದರಲ್ಲಿ ವಿನಾಯಿತಿ ಇದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಸಿರಪ್ಪನ್ನು ಸುಮ್ನೆ ಚೆಕ್-ಇನ್ ಬ್ಯಾಗಿಗೆ ತುರುಕುತ್ತಾರೆ. ಅಮೆರಿಕದಲ್ಲಿ ಅಗತ್ಯವಿರುವಷ್ಟು ಒಯ್ಯಬಹುದು, ತಪಾಸಣೆಗೆ ಮುಂಚೆ ಬಾಯಿಬಿಟ್ಟು ಹೇಳಬೇಕು, ಅಷ್ಟೇ. ಬ್ರಿಟನ್‌ನಲ್ಲಿ 100 ಮಿಲಿಲೀಟರ್ ದಾಟಿದರೆ ಡಾಕ್ಟರ್ ಚೀಟಿ ಅಥವಾ ಪತ್ರ ತೋರಿಸಬೇಕು. ಹೊಸ ಸ್ಕ್ಯಾನರ್ ಬಂದ ಕೆಲವು ನಿಲ್ದಾಣಗಳಲ್ಲಿ ದ್ರವದ ಮಿತಿಯೇ ಸಡಿಲವಾಗಿದೆ. ಹೋಗುವಾಗ ಬಿಟ್ಟರು ಅಂತ ಬರುವಾಗಲೂ ಬಿಡುತ್ತಾರೆ ಅಂದುಕೊಳ್ಳಬೇಡಿ, ವಾಪಸ್ ಹೊರಡುವ ನಿಲ್ದಾಣದಲ್ಲಿ ಹಳೆಯ ನಿಯಮ ಇರಬಹುದು.

ವಿಮಾನ ಹಾರುವಾಗ ಒಳಗಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇದ್ದಷ್ಟಕ್ಕೆ ಇಳಿಯುತ್ತದೆ. ಬಾಟಲಿಯೊಳಗಿನ ಗಾಳಿ ಹಿಗ್ಗಿ ಸಿರಪ್ಪನ್ನು ಮುಚ್ಚಳದ ಸಂದಿಯಿಂದ ಹೊರಗೆ ತಳ್ಳುತ್ತದೆ. ಮುಚ್ಚಳ ಬಿಗಿ ಮಾಡಿ, ಜಿಪ್ ಕವರಿನಲ್ಲಿ ನೆಟ್ಟಗೆ ನಿಲ್ಲಿಸಿ. ಕಣ್ಣಿನ ಡ್ರಾಪ್ಸ್ ಅನ್ನು ಆಕಾಶದಲ್ಲಿ ತೆರೆಯುವಾಗ ತುದಿ ಮೇಲೆ ಮಾಡಿಕೊಂಡು ತೆರೆಯಿರಿ, ಇಲ್ಲದಿದ್ದರೆ ಎರಡು ಮೂರು ಹನಿ ದಂಡ.

ಮಕ್ಕಳಿಗೆ ಡಾಕ್ಟರ್ ಕೊಟ್ಟ, ನೀರು ಬೆರೆಸುವ ಆ್ಯಂಟಿಬಯೋಟಿಕ್ ಇದ್ದರೆ, ಇನ್ನೂ ಶುರು ಮಾಡಿಲ್ಲದಿದ್ದರೆ, ಪುಡಿಯಾಗಿಯೇ ಒಯ್ಯಿರಿ. ಬೆರೆಸಿದ ಮೇಲೆ ಎಷ್ಟೋ ಔಷಧಿಗಳು ಫ್ರಿಜ್ ಕೇಳುತ್ತವೆ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಲೀಟರಿಗಿಂತ ದೊಡ್ಡ ಡಬ್ಬಿಯ ಪುಡಿಗೆ ಹೆಚ್ಚಿನ ತಪಾಸಣೆ ಇರುತ್ತದೆ. ಪ್ರೋಟೀನ್ ಪುಡಿಯಂಥದ್ದನ್ನು ಚೆಕ್-ಇನ್‌ಗೆ ಹಾಕಿಬಿಡಿ.

ತಣ್ಣಗೆ ಇರಬೇಕಾದವು

ಇನ್ಸುಲಿನ್ ಮತ್ತು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಪೆನ್‌ಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಇವು ಹಾಳಾದರೆ ಕಣ್ಣಿಗೆ ಕಾಣುವುದಿಲ್ಲ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬಳಕೆಯಲ್ಲಿರುವುದನ್ನು ಸುಮಾರು ನಾಲ್ಕು ವಾರ ಹೊರಗೆ ಇಡಬಹುದು, 25 ಅಥವಾ 30 ಡಿಗ್ರಿ ದಾಟದ ಹಾಗೆ. ಸರಿಯಾದ ಅಂಕಿ ನಿಮ್ಮ ಪೆನ್ನಿನ ಜೊತೆ ಬರುವ ಚೀಟಿಯಲ್ಲಿ ಇದೆ. ಬಿಸಿಗಿಂತ ದೊಡ್ಡ ಶತ್ರು ಹೆಪ್ಪುಗಟ್ಟುವಿಕೆ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೀರಿನ ಹಾಗೆ ತಿಳಿಯಾಗಿಯೇ ಇರಬಹುದು, ಆದರೆ ಅದನ್ನು ಬಳಸುವಂತಿಲ್ಲ. ವಿಮಾನದ ಸರಕಿನ ಗೂಡು ಎಷ್ಟು ತಣ್ಣಗಾಗುತ್ತದೆ ಅನ್ನುವುದು ವಿಮಾನದಿಂದ ವಿಮಾನಕ್ಕೆ, ಮೂಲೆಯಿಂದ ಮೂಲೆಗೆ ಬೇರೆ. ಅದಕ್ಕೂ ಮುಂಚೆ ಬ್ಯಾಗ್ ಬಿಸಿಲಿನಲ್ಲಿ ಟ್ರಾಲಿಯ ಮೇಲೆ ಬಿದ್ದಿರಬಹುದು. ಅದಕ್ಕೇ ಇನ್ಸುಲಿನ್ ಚೆಕ್-ಇನ್‌ಗೆ ಬೇಡವೇ ಬೇಡ. ಈ ಮಾತಿಗೆ ವಿನಾಯಿತಿ ಇಲ್ಲ.

ಕೈಚೀಲದಲ್ಲೂ ತಪ್ಪು ಆಗಬಹುದು. ಫ್ರೀಜರಿನಿಂದ ತೆಗೆದ ಕಲ್ಲಿನಂಥ ಜೆಲ್ ಪ್ಯಾಕಿಗೆ ಪೆನ್ ನೇರವಾಗಿ ತಾಗಿದರೆ, ತಾಗಿದ ಕಡೆ ಹೆಪ್ಪುಗಟ್ಟುತ್ತದೆ. ಜೆಲ್ ಪ್ಯಾಕನ್ನು ಕರವಸ್ತ್ರದಲ್ಲಿ ಸುತ್ತಿ, ಪೆನ್ನುಗಳನ್ನು ಅವುಗಳ ಡಬ್ಬಿಯಲ್ಲೇ ಇಟ್ಟು, ನಡುವೆ ಒಂದು ಪದರ ಬಟ್ಟೆ ಹಾಕಿ. ನೀರಿನಲ್ಲಿ ನೆನೆಸಿ ಬಳಸುವ ಕೂಲಿಂಗ್ ಪೌಚ್ ಇದ್ದರೆ ಇನ್ನೂ ಸುಲಭ, ಫ್ರೀಜರ್ ಬೇಡ. ಅದು ತಣ್ಣಗಾಗುವುದು ನೀರು ಆವಿಯಾಗುವುದರಿಂದ. ಹಾಗಾಗಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಕೆಲಸ ಮಾಡುವುದಿಲ್ಲ. ಅದು ಫ್ರಿಜ್‌ನಷ್ಟು ತಣ್ಣಗಿಡುವುದಿಲ್ಲ ಅನ್ನುವುದೂ ನೆನಪಿರಲಿ, ಬಳಕೆಯಲ್ಲಿರುವ ಪೆನ್ನಿಗೆ ಮಾತ್ರ ಅದು ಸಾಕು.

ವಿಮಾನದ ಸಿಬ್ಬಂದಿಗೆ ಕೊಟ್ಟು ‘ಫ್ರಿಜ್‌ನಲ್ಲಿ ಇಡಿ’ ಅನ್ನುವ ಯೋಚನೆ ಬಿಡಿ. ಹಲವು ಏರ್‌ಲೈನ್‌ಗಳು ಒಪ್ಪುವುದಿಲ್ಲ. ಒಪ್ಪಿದರೂ ಅಲ್ಲಿ ಡ್ರೈ ಐಸ್ ಪಕ್ಕದಲ್ಲಿ ಹೆಪ್ಪುಗಟ್ಟುವ ಅಪಾಯ ಇದೆ, ಇಳಿಯುವ ಗಡಿಬಿಡಿಯಲ್ಲಿ ಮರೆತುಹೋಗುವ ಅಪಾಯ ಅದಕ್ಕಿಂತ ಜಾಸ್ತಿ.

ಚುಚ್ಚಿಕೊಂಡ ಮೇಲೆ ಪೆನ್ನಿನಿಂದ ಸೂಜಿ ತೆಗೆದಿಡಿ. ಸೂಜಿ ಹಾಗೇ ಬಿಟ್ಟರೆ ಒತ್ತಡ ಬದಲಾದಾಗ ಔಷಧಿ ಸೋರಿ, ಒಳಗೆ ಗಾಳಿ ಗುಳ್ಳೆ ಸೇರುತ್ತದೆ. ಇನ್ಸುಲಿನ್ ಪಂಪ್ ಇರುವವರು ವಿಮಾನ ಮೇಲೇರಿದ ಮೇಲೊಮ್ಮೆ, ಇಳಿದ ಮೇಲೊಮ್ಮೆ ಟ್ಯೂಬಿನಲ್ಲಿ ಗುಳ್ಳೆ ಇದೆಯೇ ನೋಡಿಕೊಳ್ಳಬೇಕು.

ಸೂಜಿ, ಯಂತ್ರ, ಬ್ಯಾಟರಿ

ಔಷಧಿ ಜೊತೆಗಿದ್ದರೆ ಸೂಜಿ, ಸಿರಿಂಜ್ ಕ್ಯಾಬಿನ್‌ಗೆ ಒಯ್ಯಬಹುದು. ಬರೀ ಸೂಜಿ, ಔಷಧಿ ಇಲ್ಲ ಅಂದರೆ ಪ್ರಶ್ನೆ ಬರುತ್ತದೆ. ಬಳಸಿದ ಸೂಜಿ ಹಾಕಲು ಗಟ್ಟಿ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿ ಇರಲಿ. ಸೀಟಿನ ಮುಂದಿನ ಜೇಬಿಗೆ ಸೂಜಿಯನ್ನು ಹಾಕಿದರೆ ಶುಚಿ ಮಾಡುವವರ ಕೈಗೆ ಚುಚ್ಚುತ್ತದೆ.

ನೆಬುಲೈಸರ್, ನಿದ್ರೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರಗಳೂ ಕೈಯಲ್ಲೇ. ಹಲವು ಏರ್‌ಲೈನ್‌ಗಳು ಇವನ್ನು ಕ್ಯಾಬಿನ್ ಬ್ಯಾಗಿನ ಲೆಕ್ಕಕ್ಕೆ ಸೇರಿಸುವುದಿಲ್ಲ, ಮುಂಚೆ ಕೇಳಿಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಚೆಕ್-ಇನ್‌ಗೆ ನಿಷಿದ್ಧ. ಕ್ಯಾಬಿನ್‌ಗೆ ಒಯ್ಯಲು 100 ವ್ಯಾಟ್-ಅವರ್‌ವರೆಗೆ (ಬ್ಯಾಟರಿಯ ಸಾಮರ್ಥ್ಯದ ಅಳತೆ, Wh) ಅನುಮತಿ ಬೇಡ, 100ರಿಂದ 160ರವರೆಗೆ ಏರ್‌ಲೈನ್ ಒಪ್ಪಬೇಕು. ಗೇಟಿನಲ್ಲಿ ಬ್ಯಾಗ್ ಕೆಳಗೆ ಕಳಿಸುವಾಗಲೂ ಬ್ಯಾಟರಿ ತೆಗೆದುಕೊಳ್ಳಲೇಬೇಕು. ಆಮ್ಲಜನಕ ಯಂತ್ರ ಬೇಕಾದವರು ಟಿಕೆಟ್ ಮಾಡುವಾಗಲೇ ಏರ್‌ಲೈನ್ ಜೊತೆ ಮಾತಾಡಿ. ಪ್ರಯಾಣದ ಒಟ್ಟು ಅವಧಿಯ ಒಂದೂವರೆ ಪಟ್ಟಿಗೆ ಆಗುವಷ್ಟು ಬ್ಯಾಟರಿಯನ್ನು ಸಾಮಾನ್ಯವಾಗಿ ಕೇಳುತ್ತಾರೆ.

ಹಳೆಯ ಪಾದರಸದ ಥರ್ಮಾಮೀಟರ್ ಮಾತ್ರ ಉಲ್ಟಾ. ಅದು ಕ್ಯಾಬಿನ್‌ಗೆ ಬರುವಂತಿಲ್ಲ, ಅದರ ಕೇಸಿನಲ್ಲಿಟ್ಟು ಚೆಕ್-ಇನ್‌ಗೇ ಹಾಕಬೇಕು. ಒಡೆದು ಚೆಲ್ಲಿದ ಪಾದರಸ ವಿಮಾನದ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಡಿಜಿಟಲ್ ಒಂದು ಕೊಂಡರೆ ಈ ತಲೆನೋವೇ ಇಲ್ಲ.

ಹಾಗಾದರೆ ಚೆಕ್-ಇನ್ ಬ್ಯಾಗಿಗೆ ಏನು?

ಮೂರನೇ ಗುಂಪು, ಕತ್ತರಿ, ದೊಡ್ಡ ಬಾಟಲಿಯ ಲೋಷನ್, ಹೆಚ್ಚಿನ ಬ್ಯಾಂಡೇಜ್.

‘ಅರ್ಧ ಇಲ್ಲಿ, ಅರ್ಧ ಅಲ್ಲಿ ಹಾಕಿ’ ಅನ್ನುವ ಸಲಹೆ ನೀವೂ ಕೇಳಿರಬಹುದು. ನಾನು ಅದನ್ನು ಒಪ್ಪುವುದಿಲ್ಲ. ಹತ್ತು ದಿನದ ಪ್ರವಾಸಕ್ಕೆ ಹತ್ತು ದಿನದ್ದೇ ಮಾತ್ರೆ ಇದ್ದು, ಐದನ್ನು ಸೂಟ್‌ಕೇಸಿಗೆ ಹಾಕಿದರೆ, ಅದು ಕಳೆದ ದಿನ ನಿಮಗೆ ಅರ್ಧ ಪ್ರವಾಸದ ಔಷಧಿ ಇಲ್ಲ. ಪೂರ್ತಿ ಪ್ರವಾಸಕ್ಕೆ ಆಗುವಷ್ಟು ಕೈಯಲ್ಲಿ ಇದ್ದು, ಅದರ ಮೇಲೆ ಹೆಚ್ಚಿಗೆ ತೆಗೆದುಕೊಂಡ ಒಂದು ವಾರದ ಮಾತ್ರೆ ಇದೆ ಅಂದಾಗ ಮಾತ್ರ, ಆ ಹೆಚ್ಚಿನದನ್ನು ಚೆಕ್-ಇನ್‌ಗೆ ಹಾಕಿ. ಕೈಚೀಲವೇ ಕಳುವಾದರೆ ಅದು ಆಸರೆ. ಬಿಸಿ, ಚಳಿಗೆ ಕೆಡದ ಸಾಮಾನ್ಯ ಮಾತ್ರೆಗಳಿಗೆ ಮಾತ್ರ ಈ ಮಾತು. ಕಾನೂನಿನ ನಿಯಂತ್ರಣದಲ್ಲಿರುವ ನೋವಿನ, ನಿದ್ರೆಯ ಮಾತ್ರೆಗಳನ್ನು ಚೆಕ್-ಇನ್‌ಗೂ ಹಾಕಬೇಡಿ, ಜೊತೆಯವರ ಬ್ಯಾಗಿಗೂ ಕೊಡಬೇಡಿ. ಲೇಬಲ್ ಮೇಲೆ ನಿಮ್ಮ ಹೆಸರು, ಬ್ಯಾಗ್ ಇನ್ನೊಬ್ಬರದು ಅಂದರೆ ಉತ್ತರ ಹೇಳಬೇಕಾಗುವುದು ಅವರು.

ಹೋಗುವ ದೇಶದ ಕಾನೂನು

ಒಂದು ಕಡೆ ಅಂಗಡಿಯಲ್ಲಿ ಕೇಳಿದರೆ ಕೊಡುವ ಔಷಧಿ ಇನ್ನೊಂದು ಕಡೆ ಅಪರಾಧವಾಗಬಹುದು. ಜಪಾನಿನಲ್ಲಿ ಸೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಜಾಸ್ತಿ ಇರುವ ನೆಗಡಿ ಔಷಧಿ ಒಯ್ಯುವಂತಿಲ್ಲ. ಆ್ಯಂಫೆಟಮಿನ್ ಇರುವ ಔಷಧಿಗೆ ಡಾಕ್ಟರ್ ಚೀಟಿ ಇದ್ದರೂ ಪ್ರವೇಶ ಇಲ್ಲ. ಯುಎಇಗೆ ಕೋಡೀನ್, ಟ್ರಮಡಾಲ್ ಅನ್ನುವ ನೋವಿನ ಔಷಧಿ ಒಯ್ಯುವವರು ಮುಂಚೆಯೇ ಆನ್‌ಲೈನ್ ಅನುಮತಿ ಪಡೆಯಬೇಕು. ಕೆಮ್ಮಿನ ಸಿರಪ್‌ನಲ್ಲೂ ಕೋಡೀನ್ ಇರುತ್ತದೆ, ಲೇಬಲ್ ಓದಿ. ನಡುವೆ ಇಳಿದು ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿಕೊಳ್ಳಿ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಪ್ರಯಾಣಿಕರಿಗಾಗಿ ದೇಶವಾರು ಮಾಹಿತಿ ಇದೆ. ಅನುಮಾನ ಇದ್ದರೆ ಆ ದೇಶದ ರಾಯಭಾರ ಕಚೇರಿಗೆ ಬರೆದು ಕೇಳಿ, ಬಂದ ಉತ್ತರದ ಪ್ರತಿ ಇಟ್ಟುಕೊಳ್ಳಿ.

ತಪಾಸಣೆ ಮತ್ತು ಆಕಾಶದಲ್ಲಿ

ಸೆಕ್ಯುರಿಟಿಯಲ್ಲಿ ಪೌಚ್ ಅನ್ನು ಬೇರೆ ಟ್ರೇನಲ್ಲಿ ಇಟ್ಟು, ‘ಇದರಲ್ಲಿ ಔಷಧಿ, ಸೂಜಿ ಇದೆ’ ಅಂತ ಮೊದಲೇ ಹೇಳಿ. ಎಕ್ಸ್‌ರೇಯಿಂದ ಮಾತ್ರೆಗೆ ಏನೂ ಆಗುವುದಿಲ್ಲ. ಮೈಮೇಲೆ ಇನ್ಸುಲಿನ್ ಪಂಪ್ ಅಥವಾ ಗ್ಲೂಕೋಸ್ ಸೆನ್ಸರ್ ಇದ್ದವರು ಮಾತ್ರ ಮುಂಚೆಯೇ ತಯಾರಕರ ಸೂಚನೆ ಓದಿ. ಕೆಲವನ್ನು ಎಕ್ಸ್‌ರೇಗೆ ಹಾಕಬಾರದು, ಬಾಡಿ ಸ್ಕ್ಯಾನರಿಗೆ ಒಡ್ಡಬಾರದು. ಕೈಯಿಂದ ತಪಾಸಣೆ ಮಾಡಿ ಅಂತ ಕೇಳಿಕೊಳ್ಳಬಹುದು.

ಪೂರ್ವಕ್ಕೆ ಹಾರಿದರೆ ದಿನ ಚಿಕ್ಕದಾಗುತ್ತದೆ, ಪಶ್ಚಿಮಕ್ಕೆ ಹಾರಿದರೆ ಉದ್ದವಾಗುತ್ತದೆ. ದಿನಕ್ಕೊಂದು ತೆಗೆದುಕೊಳ್ಳುವ ಎಷ್ಟೋ ಮಾತ್ರೆಗಳಿಗೆ ಒಂದೆರಡು ಗಂಟೆ ಆಚೀಚೆ ಆದರೆ ತೊಂದರೆಯಿಲ್ಲ. ಇನ್ಸುಲಿನ್, ಫಿಟ್ಸ್, ರಕ್ತ ತೆಳುವಾಗಿಸುವ ಔಷಧಿಗೆ ಹಾಗಲ್ಲ. ಕೆಲವು ಗರ್ಭನಿರೋಧಕ ಮಾತ್ರೆಗಳಿಗೆ ಮೂರು ಗಂಟೆ ತಡವಾದರೂ ರಕ್ಷಣೆ ತಪ್ಪುತ್ತದೆ. ವಿಮಾನದ ವೇಳಾಪಟ್ಟಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ, ಯಾವ ಹೊತ್ತಿಗೆ ಎಷ್ಟು ಅಂತ ಬರೆಸಿಕೊಳ್ಳಿ. ಫೋನಿನ ಅಲಾರಂ ತನ್ನಷ್ಟಕ್ಕೆ ಸ್ಥಳೀಯ ಸಮಯಕ್ಕೆ ಹೊಂದಿಕೊಂಡುಬಿಡುತ್ತದೆ. ಪ್ರಯಾಣದ ದಿನ ‘ಇಂತಿಷ್ಟು ಗಂಟೆ ಆದ ಮೇಲೆ’ ಅನ್ನುವ ಟೈಮರ್ ಇಟ್ಟುಕೊಳ್ಳುವುದೇ ಸರಿ.

ಇಷ್ಟಾದರೂ ಔಷಧಿ ಕಳೆದರೆ

ಚೆಕ್-ಇನ್ ಬ್ಯಾಗಿನಲ್ಲಿ ಔಷಧಿ ಇದ್ದು ಅದು ಬಾರದಿದ್ದರೆ, ಲಗೇಜ್ ಬೆಲ್ಟಿನ ಹತ್ತಿರದ ಕೌಂಟರಿನಲ್ಲಿ ದೂರು ಬರೆಸಿ ಅದರ ನಂಬರ್ ಪಡೆದೇ ಹೊರಗೆ ಬನ್ನಿ. ಒಳಗೆ ಔಷಧಿ ಇದೆ ಅಂತ ಅದರಲ್ಲಿ ಸೇರಿಸಿ. ಫೋನಿನಲ್ಲಿರುವ ಚೀಟಿಯ ಫೋಟೋ ಹಿಡಿದು ಅಲ್ಲಿನ ಔಷಧಿ ಅಂಗಡಿಗೆ ಹೋಗಿ, ಜೆನೆರಿಕ್ ಹೆಸರು ಮತ್ತು ಮಿಲಿಗ್ರಾಂ ತೋರಿಸಿ. ಹೊರದೇಶದ ಚೀಟಿಗೆ ಕೊಡಲು ಬರುವುದಿಲ್ಲ ಅಂದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಅಲ್ಲಿನ ಡಾಕ್ಟರ ಕೈಯಲ್ಲಿ ಬರೆಸಿಕೊಳ್ಳಬೇಕು. ಪ್ರವಾಸ ವಿಮೆ ಇದ್ದರೆ ಅವರ ಸಹಾಯವಾಣಿಗೆ ಮೊದಲು ಫೋನ್ ಮಾಡಿ, ಹತ್ತಿರದ ಡಾಕ್ಟರ್ ಯಾರು ಅಂತ ಹೇಳುವ ವ್ಯವಸ್ಥೆ ಹೆಚ್ಚಿನವರಲ್ಲಿ ಇರುತ್ತದೆ. ಕೊಂಡದ್ದಕ್ಕೆಲ್ಲ ರಸೀದಿ ಇಟ್ಟುಕೊಳ್ಳಿ, ಪರಿಹಾರ ಕೇಳುವಾಗ ಏರ್‌ಲೈನ್‌ಗೆ ಅದನ್ನೇ ಕೊಡಬೇಕು. ಬ್ಯಾಗ್ ತಡವಾಗಿ ಕೈಸೇರಿದರೆ ಆ ದಿನದಿಂದ 21 ದಿನದೊಳಗೆ ಲಿಖಿತವಾಗಿ ಕೇಳಬೇಕು.